ಮೂವತ್ತೈದು ಗೂಡುಗಳ ತುಮಿರಾ

ಪರಕಾನ್ ಪೇಟೆಯಲ್ಲಿ ಯಾರ ಹೆಸರನ್ನು ಬೇಕಾದರೂ ಎತ್ತಿಕೊಳ್ಳಿ, ಅದು ‘ಸು’ ಅಕ್ಷರದಿಂದ ಶುರುವಾಗುವ ಸಂಭವವೇ ಹೆಚ್ಚು. ಸುಕಿರ್ನೊ, ಸುಮಿನಿ, ಸುತಿನಾ, ಸುರಾಜಿ, ಸುಪಾರ್ದಿ. ಉಳಿದವರು ಬರೀ ‘ಸ’ಕ್ಕೆ ತೃಪ್ತಿಪಟ್ಟುಕೊಂಡಿದ್ದಾರೆ. ಮನೆತನದ ಹೆಸರು ಅಂತ ಒಂದಿಲ್ಲ. ಆಳಿಗೊಂದು ಹೆಸರು, ಅದೇ ಬೇಕಾದಷ್ಟಾಯಿತು ಅನ್ನುವ ಜನ. ಡಾಕ್ಟರ್ ಹಂದೊಯೊ ಅವರ ದವಾಖಾನೆಗೆ ತುಮಿರಾ ಕೆಲಸಕ್ಕೆ ಸೇರಿದಾಗ ರೋಗಿಗಳ ಕಾರ್ಡುಗಳನ್ನು ರೋಮನ್ ಅಕ್ಷರಮಾಲೆಯ ಪ್ರಕಾರ ಇಪ್ಪತ್ತಾರು ಖಾನೆಗಳಲ್ಲಿ ಇಡುವ ಏರ್ಪಾಟಿತ್ತು. ಇಪ್ಪತ್ತೈದು ಖಾನೆಗಳಲ್ಲಿ ಜಿರಳೆಗಳು ಆರಾಮವಾಗಿ ಸಂಸಾರ ಮಾಡಿಕೊಂಡಿದ್ದವು. ‘ಎಸ್’ ಖಾನೆಯ ತಳ ಕಿತ್ತು ಬಂದಿತ್ತು.

ಹೆಸರನ್ನು ನಂಬಿ ಕಾರ್ಡು ಇಡುವ ಹಾಗೂ ಇರಲಿಲ್ಲ. ಮಗು ಪದೇ ಪದೇ ಕಾಯಿಲೆ ಬಿದ್ದರೆ, ಹೆಸರಿನ ಭಾರ ತಾಳಲಾರದೆ ಹೀಗಾಗುತ್ತಿದೆ ಅಂತ ಬೇರೆ ಹಗುರವಾದ ಹೆಸರಿಡುವುದು ಅಲ್ಲಿಯ ಪದ್ಧತಿ. ಒಳ್ಳೆಯ ಪದ್ಧತಿಯೇ, ಬೇಡ ಅನ್ನುವುದಿಲ್ಲ. ಆದರೆ ದವಾಖಾನೆಗೆ ಬರುವುದೂ ಪದೇ ಪದೇ ಕಾಯಿಲೆ ಬೀಳುವ ಮಕ್ಕಳೇ ನೋಡಿ. ಹುಟ್ಟಿದ ತಾರೀಖು ಹಿಡಿದು ಹುಡುಕೋಣ ಅಂದರೆ ಅದರ ಕಥೆ ಇನ್ನೊಂದು. ಗುರುತಿನ ಚೀಟಿ ಮಾಡಿಕೊಡಲು ಬಂದಿದ್ದ ಗುಮಾಸ್ತ, ತಾರೀಖು ಗೊತ್ತಿಲ್ಲ ಅಂದವರಿಗೆಲ್ಲ ಡಿಸೆಂಬರ್ ಮೂವತ್ತೊಂದು ಅಂತ ಬರೆದು ಕೈ ತೊಳೆದುಕೊಂಡಿದ್ದ. ಹಾಗಾಗಿ ಅರವತ್ತು ದಾಟಿದ ಪರಕಾನ್ ಪೂರಾ ವರ್ಷದ ಕೊನೆಯ ದಿನವೇ ಹುಟ್ಟಿದ್ದು.

ವೆತೊನ್ ಒಂದನ್ನು ಮಾತ್ರ ಯಾರೂ ಮರೆಯುವುದಿಲ್ಲ. ವಾರಗಳು ಏಳು. ಅವುಗಳ ಜೊತೆಜೊತೆಗೇ ಸುತ್ತುವ ಸಂತೆದಿನಗಳು ಐದು: ಲೆಗಿ, ಪಾಹಿಂಗ್, ಪೊನ್, ವಾಗೆ, ಕ್ಲಿವೊನ್. ಎರಡೂ ಕೂಡಿದರೆ ಮೂವತ್ತೈದು ಜೋಡಿ, ಹುಟ್ಟಿದ ದಿನದ ಜೋಡಿಯೇ ಆ ಮನುಷ್ಯನ ವೆತೊನ್. ಮದುವೆಗೆ ಅದನ್ನು ಕೂಡಿಸಿ ನೋಡಬೇಕು, ಬಾವಿ ತೋಡಲು ಅದನ್ನು ನೋಡಬೇಕು, ಮೂವತ್ತೈದು ದಿನಕ್ಕೊಮ್ಮೆ ಅದು ತಿರುಗಿ ಬಂದಾಗ ಬೆಲ್ಲ ಹಾಕಿದ ಕೆಂಪು ಗಂಜಿ ಒಂದು ಬಟ್ಟಲು, ಬಿಳಿ ಗಂಜಿ ಒಂದು ಬಟ್ಟಲು ಮಾಡಿ ಅಕ್ಕಪಕ್ಕದವರಿಗೆ ಹಂಚಬೇಕು. ಜ್ವರ ನೆತ್ತಿಗೇರಿ ಹೆಂಡತಿಯ ಗುರುತು ಹಿಡಿಯದವನೂ ವೆತೊನ್ ಕೇಳಿದರೆ ಥಟ್ಟನೆ ಹೇಳುತ್ತಾನೆ.

ತುಮಿರಾ ಸೇರಿದ ಮೂರನೆಯ ತಿಂಗಳಿಗೆ ಬಡಗಿಯನ್ನು ಕರೆಸಿ ಹಲಸಿನ ಮರದ ಬೀರು ಮಾಡಿಸಿದಳು. ಅಡ್ಡಕ್ಕೆ ಏಳು, ಉದ್ದಕ್ಕೆ ಐದು, ಒಟ್ಟು ಮೂವತ್ತೈದು ಗೂಡು. ಅಲ್ಲಿಂದಾಚೆಗೆ ರೋಗಿ ಬಾಗಿಲಿಗೆ ಬಂದರೆ ಹೆಸರು ಕೇಳುವ ಗೋಜಿಗೇ ಹೋಗುತ್ತಿರಲಿಲ್ಲ. “ವೆತೊನ್?” “ಭಾನುವಾರ ಪೊನ್.” ಕೈ ನೇರ ಗೂಡಿಗೆ. ಮೂವತ್ತೊಂದು ವರ್ಷದಲ್ಲಿ ಆರು ಸಾವಿರ ಚಿಲ್ಲರೆ ಕಾರ್ಡು, ಒಂದೂ ಕಳೆದಿಲ್ಲ. ಭಾನುವಾರ ಪೊನ್ ಗೂಡಿನವರಿಗೆ ಹೊಟ್ಟೆಯ ತೊಂದರೆ ಹೆಚ್ಚು ಅಂತ ಅವಳು ಕಂಡುಕೊಂಡಿದ್ದಳು. ಅದೆಲ್ಲ ವಿಜ್ಞಾನವಲ್ಲ ಅಂತ ಡಾಕ್ಟರ್ ಹಂದೊಯೊ ಗದರಿಸುತ್ತಿದ್ದರು. ಗದರಿಸಿ, ಭಾನುವಾರ ಪೊನ್‌ನವರು ಒಳಗೆ ಬಂದರೆ ಮೊದಲು ಹೊಟ್ಟೆಯನ್ನೇ ಒತ್ತಿ ನೋಡುತ್ತಿದ್ದರು.

ಇಷ್ಟೆಲ್ಲ ಮಾಡಿದ ತುಮಿರಾಳ ಸ್ವಂತ ಕಾರ್ಡು ಮಾತ್ರ ಆ ಮೂವತ್ತೈದರಲ್ಲಿ ಯಾವ ಗೂಡಿನಲ್ಲೂ ಇರಲಿಲ್ಲ. ಬೀರುವಿನ ನೆತ್ತಿಯ ಮೇಲೆ ಬಿಸ್ಕತ್ತಿನ ಡಬ್ಬ ಒಂದಿತ್ತು, ಅದರ ಕೆಳಗಿತ್ತು. ಯಾಕೆಂದರೆ ಅವಳಿಗೆ ವೆತೊನ್ ಇರಲಿಲ್ಲ.

ಇರಲಿಲ್ಲ ಅಂದರೆ, ಹುಟ್ಟಿದ್ದಂತೂ ಹುಟ್ಟಿದ್ದಳು. ಯಾವ ದಿನ ಅಂತ ಹೇಳುವವರು ಯಾರೂ ಉಳಿದಿರಲಿಲ್ಲ. ಹೆತ್ತ ತಾಯಿ ಬಾಣಂತಿತನದಲ್ಲೇ ಹೋದಳು, ಅಪ್ಪ ಆ ವರ್ಷವೇ ಊರು ಬಿಟ್ಟ, ಬೇರೆ ಊರಿನಿಂದ ಬಂದು ಕೂಸನ್ನು ಎತ್ತಿಕೊಂಡು ಹೋದ ಚಿಕ್ಕಮ್ಮನಿಗೆ ಗೊತ್ತಿದ್ದದ್ದು ‘ಸೇತುವೆ ಕೊಚ್ಚಿಹೋದ ವರ್ಷ’ ಅನ್ನುವುದಷ್ಟೇ. ಇಪ್ಪತ್ತೆರಡಕ್ಕೆ ಮದುವೆಯ ಮಾತು ಬಂದಾಗ ಗಂಡಿನ ಕಡೆಯವರು ವೆತೊನ್ ಕೇಳಿದರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಚಿಕ್ಕಮ್ಮ ಒಂದೇ ಸುಳ್ಳಿನಲ್ಲಿ ಮುಗಿಸಿದಳು. ಗಂಡಿನ ವೆತೊನ್‌ಗೆ ಯಾವುದು ಹೊಂದುತ್ತದೆ ಅಂತ ಹಿರಿಯರೊಬ್ಬರನ್ನು ಮೊದಲೇ ಕೇಳಿಕೊಂಡು ಬಂದು, “ನಮ್ಮ ಹುಡುಗೀದು ಬುಧವಾರ ವಾಗೆ” ಅಂದಳು. ಲೆಕ್ಕ ಹಾಕಿದರೆ ಮಹಾ ಸಮೃದ್ಧಿ ಅಂತ ಬಂತು. ಮೂರನೆಯ ವರ್ಷ ಗಂಡ ಮುಜಿಯೊ ಆ ಸಮೃದ್ಧಿಯನ್ನು ಹುಡುಕಿಕೊಂಡು ಸುಮಾತ್ರಾಗೆ ಹೋದ. ಇನ್ನೂ ಹುಡುಕುತ್ತಿರಬೇಕು.

ಯಾರಾದರೂ ಕೇಳಿದರೆ ತುಮಿರಾ “ಬುಧವಾರ ವಾಗೆ” ಅಂತಲೇ ಹೇಳಿಕೊಂಡು ಬಂದಳು. ಬಾಯಿಮಾತಿನ ಸುಳ್ಳು ಬೇರೆ, ಬೀರುವಿಗೆ ಹೇಳುವ ಸುಳ್ಳು ಬೇರೆ ಅಂತ ಅವಳ ಲೆಕ್ಕ. ಒಂದು ಸುಳ್ಳು ಕಾರ್ಡು ಒಳಗೆ ಹೋದರೆ ಇಡೀ ಬೀರು ಮೈಲಿಗೆಯಾದ ಹಾಗೆ ಅವಳಿಗೆ ಅನ್ನಿಸುತ್ತಿತ್ತು. ಊರಿನವರೆಲ್ಲರ ಗಂಜಿ ತಿಂದಳು, ತನ್ನ ಹೆಸರಿನಲ್ಲಿ ಒಂದು ದಿನವೂ ಮಾಡಲಿಲ್ಲ.

ಹೀಗಿರುವಾಗ ಡಾಕ್ಟರ್ ಹಂದೊಯೊ ಕೆಲಸ ಬಿಟ್ಟು ಹಕ್ಕಿ ಸಾಕಲು ಕೂತರು, ಅವರ ಮಗಳು ಡಾಕ್ಟರಮ್ಮ ವೆನಿಂಗ್ ದವಾಖಾನೆ ವಹಿಸಿಕೊಂಡರು. ಅದೇ ವರ್ಷ ಸರ್ಕಾರದ ಆದೇಶವೂ ಬಂತು. ಇನ್ನು ಮುಂದೆ ರೋಗಿಗಳ ದಾಖಲೆ ಕಂಪ್ಯೂಟರಿನಲ್ಲೇ ಇರಬೇಕು, ಕಾಗದ ನಡೆಯುವುದಿಲ್ಲ.

“ಬು ತುಮಿರಾ, ಎಲ್ಲಾ ಕಾರ್ಡೂ ಕಂಪ್ಯೂಟರಿಗೆ ಹೋದ ಮೇಲೆ ಈ ಬೀರು ತೆಗೆಸ್ತೀನಿ,” ಅಂದರು ವೆನಿಂಗ್. “ಅಲ್ಲಿ ಇಸಿಜಿ ಮಂಚ ಹಾಕಬೇಕು.”

“ಹಾಕ್ಸಿ, ಡಾಕ್ಟರ್ ಬು.” ಅಲ್ಲಿ ಹೆಂಗಸರಿಗೆ ‘ಬು’, ಗಂಡಸರಿಗೆ ‘ಪಾಕ್’, ಚಿಕ್ಕ ವಯಸ್ಸಿನವರಾದರೆ ‘ಮಸ್’ ಅಂತ ಮರ್ಯಾದೆಗೆ ಸೇರಿಸದೆ ಮಾತಾಡುವ ವಾಡಿಕೆಯಿಲ್ಲ.

“ಬೇಜಾರಾ?”

“ಬೀರು ಹೋದ್ರೆ ಹೋಗ್ಲಿ. ವೆತೊನ್ ಹೋಗದಿದ್ರೆ ಸಾಕು.”

ಕಂಪ್ಯೂಟರ್ ಶುರುಮಾಡಲು ಒಳ್ಳೆಯ ದಿನ ನೋಡು ಅಂತ ಅವಳಿಗೇ ಹೇಳಿದರು. ಅವಳು ಗುರುವಾರ ಲೆಗಿ ಆರಿಸಿದಳು. ಸೆಮಾರಾಂಗಿನಿಂದ ಗಿಲಾಂಗ್ ಅನ್ನುವವನು ಯಂತ್ರ ಹೊತ್ತುಕೊಂಡು ಬಂದ. ಮೂವತ್ತೈದರ ಆಸುಪಾಸಿನ ಗಂಡಸು, ಎಲ್ಲದಕ್ಕೂ ‘ಸುಲಭ’ ಅನ್ನುವ ಚಟ. ಶುಭಾರಂಭಕ್ಕೆ ಮಾಡಿದ್ದ ಕೆಂಪು ಬಿಳಿ ಗಂಜಿಯನ್ನು ಎರಡೆರಡು ಬಟ್ಟಲು ತಿಂದು ಪಾಠಕ್ಕೆ ಕೂತ. ತುಮಿರಾ ಪರದೆಯನ್ನು ಮೇಲಿಂದ ಕೆಳಕ್ಕೆ ಒಮ್ಮೆ, ಕೆಳಗಿಂದ ಮೇಲಕ್ಕೆ ಒಮ್ಮೆ ನೋಡಿದಳು.

“ಮಸ್ ಗಿಲಾಂಗ್, ವೆತೊನ್ ಎಲ್ಲಿ ಬರೀಬೇಕು?”

“ವೆತೊನ್ನಾ? ಅದಕ್ಕೆ ಜಾಗ ಇಲ್ಲ, ಬು.”

“ಫ್ಯಾಕ್ಸ್ ನಂಬರಿಗೆ ಜಾಗ ಇದೆ. ಪರಕಾನಲ್ಲಿ ಯಾರ ಮನೇಲಿ ಫ್ಯಾಕ್ಸಿದೆ?”

“ಅದು ಎಲ್ಲಾ ಊರಿಗೂ ಒಂದೇ ನಮೂನೆ, ಬು.”

“ಹಾಗಾದ್ರೆ ನಮ್ಮಲ್ಲಿ ಇಬ್ಬರು ಸಾದಿಕೆಮ್ ಅಜ್ಜಿಯರಿದಾರೆ. ಯಾರು ಯಾರು ಅಂತ ನಿಮ್ಮ ಕಂಪ್ಯೂಟರಿಗೆ ಹೇಗೆ ಗೊತ್ತಾಗತ್ತೆ?”

“ಸುಲಭ. ಹುಟ್ಟಿದ ತಾರೀಖು.”

“ಡಿಸೆಂಬರ್ ಮೂವತ್ತೊಂದು. ಇಬ್ಬರದ್ದೂ.”

“ಇಸವಿ?”

“ನಲವತ್ತೆಂಟು. ಇಬ್ಬರದ್ದೂ.”

“ವಿಳಾಸ?”

“ಒಂದೇ ಹಳ್ಳಿ. ಮಧ್ಯೆ ಒಂದು ಮಸೀದಿ.”

ಗಿಲಾಂಗ್ ಕನ್ನಡಕ ಒರೆಸಿಕೊಂಡ. “ಗುರುತಿನ ಚೀಟಿ ನಂಬರಿದೆಯಲ್ಲ, ಬು. ಹದಿನಾರು ಅಂಕಿ. ಯಾರಿಬ್ಬರಿಗೂ ಒಂದೇ ಬರಲ್ಲ.”

“ಒಬ್ಬಳ ಚೀಟೀನ ಆಡು ತಿಂದಿದೆ. ಇನ್ನೊಬ್ಬಳು ದಿಂಬಿನ ಕೆಳಗಿಟ್ಟಿದಾಳೆ, ಹೊರಗೆ ತಂದ್ರೆ ಕಳೆದುಹೋಗತ್ತೆ ಅಂತ.”

“ಎಲ್ಲಾ ಸರಿ, ಆದ್ರೆ ವೆತೊನ್ ವೈದ್ಯಕೀಯ ಮಾಹಿತಿ ಅಲ್ಲ, ಬು.”

“ನಿಮ್ಮದ್ಯಾವುದು?”

“ಶನಿವಾರ ವಾಗೆ,” ಅಂದ ಗಿಲಾಂಗ್, ತಲೆ ಎತ್ತದೆ. ಆಮೇಲೆ, “ಅದು ಬೇರೆ ಮಾತು,” ಅಂದ.

ಅವನು ಹೋದ ಮೇಲೆ ತುಮಿರಾ ದಿನಕ್ಕೆ ನಲವತ್ತು ಐವತ್ತು ಕಾರ್ಡಿನಂತೆ ಎರಡು ಬೆರಳಿನಲ್ಲಿ ಕುಟ್ಟತೊಡಗಿದಳು. ವೆತೊನ್‌ಗೆ ಒಂದು ಸೂರು ಹುಡುಕುವುದೇ ಅವಳ ಚಿಂತೆ. ಮೊದಲು ಫ್ಯಾಕ್ಸ್ ಖಾನೆಗೆ ತುರುಕಿ ನೋಡಿದಳು, ಅದು ಅಂಕಿ ಬಿಟ್ಟು ಬೇರೆ ಏನನ್ನೂ ನುಂಗಲಿಲ್ಲ. ನಾಲ್ಕನೆಯ ದಿನ ‘ಅಲರ್ಜಿ’ ಅನ್ನುವ ಖಾನೆ ಕಣ್ಣಿಗೆ ಬಿತ್ತು. ಅಲ್ಲಿ ಏನು ಬರೆದರೂ ಹಿಡಿಸುತ್ತದೆ. ಬರೆದದ್ದು ಡಾಕ್ಟರ ಪರದೆಯ ಮೇಲೆ ಎಲ್ಲಕ್ಕಿಂತ ಮೊದಲು, ಅದೂ ಕೆಂಪಕ್ಷರದಲ್ಲಿ ಬರುತ್ತದೆ. ಬೇರೆ ಆಸ್ಪತ್ರೆಗೆ ಬರೆದುಕೊಡುವ ಪತ್ರದ ನೆತ್ತಿಯ ಮೇಲೂ ಅದೇ ಅಚ್ಚಾಗುತ್ತದೆ. ಇಡೀ ಕಂಪ್ಯೂಟರಿನಲ್ಲಿ ಇಷ್ಟು ಮರ್ಯಾದೆಯ ಜಾಗ ಇನ್ನೊಂದಿಲ್ಲ ಅಂತ ತುಮಿರಾಗೆ ಖಾತ್ರಿಯಾಯಿತು.

ಹಾಗೆ ಆರು ಸಾವಿರ ಚಿಲ್ಲರೆ ಜನರಿಗೆ ತಾವು ಹುಟ್ಟಿದ ದಿನವೇ ಅಲರ್ಜಿಯಾಯಿತು. ನಿಜವಾಗಿಯೂ ಯಾವುದಾದರೂ ಮದ್ದು ಒಗ್ಗದವರು ನಲವತ್ತೊಂದು ಮಂದಿ ಇದ್ದರು. ಅವರ ಮದ್ದಿನ ಹೆಸರನ್ನೂ ವೆತೊನ್ ಪಕ್ಕದಲ್ಲೇ ಬರೆದಳು.

ಡಾಕ್ಟರಮ್ಮ ಮೊದಲ ದಿನ “ಇದೇನು ಬು, ಎಲ್ಲಾರಿಗೂ ಕೆಂಪು ಬರ್ತಿದೆ?” ಅಂತ ಕೇಳಿದರು. “ಗುರುತಿಗೆ, ಡಾಕ್ಟರ್ ಬು,” ಅಂದಳು. ಹೊಗೆಸೊಪ್ಪಿನ ವ್ಯಾಪಾರದ ಊರು, ಹೊರಗೆ ಅದರ ಧೂಳಿನ ಕೆಮ್ಮಿನವರು ಐವತ್ತು ಜನ ಕೂತಿದ್ದರು. ಡಾಕ್ಟರಮ್ಮ ಕೆಂಪನ್ನು ನೋಡಿಯೂ ನೋಡದಂತೆ ಕೆಲಸ ಮಾಡುವುದನ್ನು ಕಲಿತುಕೊಂಡರು. ಐದು ತಿಂಗಳು ಸುಖವಾಗಿ ಕಳೆಯಿತು.

ಆರನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಹೊರಗಿನ ಆಸ್ಪತ್ರೆಯೊಂದರಿಂದ ಫೋನು ಬಂತು. ಪಾಕ್ ಸುರಾಜಿ ಅನ್ನುವ ಹೊಗೆಸೊಪ್ಪಿನ ದಲ್ಲಾಳಿಯನ್ನು ಹರ್ನಿಯಾ ಆಪರೇಷನ್ನಿಗೆ ಅಲ್ಲಿಗೆ ಕಳಿಸಿದ್ದರು.

“ಡಾಕ್ಟರ್ ಬು, ನಿಮ್ಮ ಪತ್ರದಲ್ಲಿ ರೋಗಿಗೆ ಮಂಗಳವಾರ ಕ್ಲಿವೊನ್ ಅಲರ್ಜಿ ಅಂತ ಇದೆ,” ಅಂದಳು ಆ ಕಡೆಯ ನರ್ಸು.

“ಏನಂತ ಇದೆ?”

“ಮಂಗಳವಾರ ಕ್ಲಿವೊನ್. ಇವತ್ತು ಮಂಗಳವಾರ ಕ್ಲಿವೊನ್ನೇ ಅಲ್ವಾ? ಅದಕ್ಕೆ ಆಪರೇಷನ್ ಗುರುವಾರಕ್ಕೆ ಹಾಕಿದೀವಿ. ಮನೆಯವರೂ ಒಪ್ಪಿದ್ರು, ಸರ್ಜನ್ನರೂ ಒಪ್ಪಿದ್ರು. ನಿಮಗೆ ಒಂದು ಮಾತು ತಿಳಿಸೋಣ ಅಂತ.”

ವೆನಿಂಗ್ ಫೋನು ಕೆಳಗಿಟ್ಟು ತುಮಿರಾಳನ್ನು ಕರೆದರು. ಸಿಟ್ಟು ಬಂದರೆ ದನಿ ಏರಿಸುವ ಜನವಲ್ಲ ಅಲ್ಲಿಯವರು, ಇಳಿಸುತ್ತಾರೆ. ಅವತ್ತು ಡಾಕ್ಟರಮ್ಮನ ದನಿ ಎಷ್ಟು ಇಳಿದಿತ್ತೆಂದರೆ ತುಮಿರಾ ಮೇಜಿನ ಮೇಲೆ ಬಗ್ಗಿ ಕೇಳಿಸಿಕೊಳ್ಳಬೇಕಾಯಿತು.

“ನಾನು ಓದಿರೋ ಪುಸ್ತಕದಲ್ಲಿ ಮನುಷ್ಯರಿಗೆ ಸಿಗಡಿ ಅಲರ್ಜಿ ಆಗತ್ತೆ, ಧೂಳು ಅಲರ್ಜಿ ಆಗತ್ತೆ, ಬು. ಮಂಗಳವಾರ ಆಗೋಲ್ಲ.”

“ಹೌದು, ಡಾಕ್ಟರ್ ಬು.”

“ಆ ಆಸ್ಪತ್ರೆಯವರು ನಂಬಿಬಿಟ್ರು, ಅದು ಇನ್ನೂ ನಾಚಿಕೆ.”

“ಒಳ್ಳೇ ಆಸ್ಪತ್ರೆ, ಡಾಕ್ಟರ್ ಬು.”

ಎಲ್ಲಾ ಅಳಿಸಿಬಿಡು ಅಂತ ಡಾಕ್ಟರಮ್ಮ ಹೇಳಿದ್ದೇ ತಡ, ಮಧ್ಯಾಹ್ನದ ಹೊತ್ತಿಗೆ ಗಿಲಾಂಗ್ ಸೆಮಾರಾಂಗಿನಲ್ಲಿ ಕೂತಲ್ಲಿಂದಲೇ ಕೆಲಸ ಮುಗಿಸಿ ಫೋನು ಮಾಡಿದ. “ಸುಲಭ ಆಯ್ತು, ಬು. ಜರಡಿ ಹಿಡಿದುಬಿಟ್ಟೆ. ಅಲರ್ಜಿ ಖಾನೇಲಿ ಲೆಗಿ, ಪಾಹಿಂಗ್, ಪೊನ್, ವಾಗೆ, ಕ್ಲಿವೊನ್ ಅಂತ ಎಲ್ಲೆಲ್ಲಿ ಕಾಣ್ತೋ ಆ ಖಾನೆ ಖಾಲಿ. ಎರಡು ನಿಮಿಷ.”

ಐದು ತಿಂಗಳು ಎರಡು ಬೆರಳಿನಲ್ಲಿ ಕುಟ್ಟಿದ್ದು ಎರಡು ನಿಮಿಷದಲ್ಲಿ ಗಾಳಿಗೆ ಹೋಯಿತು. ತುಮಿರಾ ಹಿಂದಿನ ಜಗಲಿಗೆ ಹೋಗಿ ಕಣ್ಣೊರೆಸಿಕೊಂಡು ಬಂದಳು. ಅವಳಿಗೆ ಆದದ್ದು ಬರೀ ದುಃಖವಲ್ಲ, ಅವಮಾನ. ಬೀರುವನ್ನು ಒಯ್ಯಲು ಸೋಮವಾರ ಬಡಗಿ ಬರುವುದೆಂದು ಗೊತ್ತಾಗಿತ್ತು. ಆ ಅವಮಾನದ ಮಬ್ಬಿನಲ್ಲಿ ‘ಖಾನೆ ಖಾಲಿ’ ಅನ್ನುವ ಮಾತಿನ ಪೂರ್ತಿ ಅರ್ಥ ಅವಳಿಗೂ ಹೊಳೆಯಲಿಲ್ಲ, ಡಾಕ್ಟರಮ್ಮನಿಗೂ ಹೊಳೆಯಲಿಲ್ಲ. ವೆತೊನ್ ಪಕ್ಕದಲ್ಲಿ ಕೂತಿದ್ದ ನಲವತ್ತೊಂದು ಮದ್ದುಗಳ ಹೆಸರೂ ಅದರ ಜೊತೆಗೇ ಹೋಗಿದ್ದವು.

ಶನಿವಾರ ಬೆಳಿಗ್ಗೆ ಸಾದಿಕೆಮ್ ಅಜ್ಜಿ ಗಂಟಲುನೋವು ಅಂತ ಬಂದಳು. ಯಾವ ಸಾದಿಕೆಮ್ ಅಂತ ಮುಖ ನೋಡಿದರೆ ತಿಳಿಯುವುದಿಲ್ಲವೇ ಅಂತ ನೀವು ಕೇಳಬಹುದು. ತಲೆಗೆ ಹಣೆಯವರೆಗೆ ವಸ್ತ್ರ, ಮೂಗು ಬಾಯಿಗೆ ಮಾಸ್ಕು. ಹೊರಗಿದ್ದದ್ದು ಎರಡು ಕಣ್ಣು, ಎರಡರಲ್ಲೂ ಪೊರೆ. ಇನ್ನೊಬ್ಬ ಸಾದಿಕೆಮ್ ಅಜ್ಜಿಯ ಕಣ್ಣೂ ಹಾಗೇ. ಡಾಕ್ಟರಮ್ಮ ಪರದೆ ನೋಡಿದರು. ಅಲರ್ಜಿ ಖಾಲಿ. ಆದರೂ ಬಾಯಿಬಿಟ್ಟು ಕೇಳಿದರು.

“ಯಾವುದಾದ್ರೂ ಮದ್ದು ಒಗ್ಗಲ್ವಾ, ಅಜ್ಜಿ?”

“ಎಲ್ಲಾ ಒಗ್ಗತ್ತೆ, ಡಾಕ್ಟರ್ ಬು. ನೀವು ಕೊಟ್ಟಿದ್ದು ಒಗ್ಗದೇ ಇರತ್ತಾ?”

ಡಾಕ್ಟರ ಎದುರಿಗೆ ಡಾಕ್ಟರ ಮದ್ದನ್ನು ದೂರುವುದು ಆ ತಲೆಮಾರಿನವರಿಗೆ ಹೇಳಿಕೊಟ್ಟ ನಡತೆಯಲ್ಲ. ಡಾಕ್ಟರಮ್ಮ ಅಮಾಕ್ಸಿಸಿಲಿನ್ ಬರೆದರು. ಮದ್ದು ಕಟ್ಟಿಕೊಡುವುದೂ ತುಮಿರಾಳ ಕೆಲಸವೇ. ಪೊಟ್ಟಣ ಕಟ್ಟಿ ಕಟ್ಟೆಯ ಮೇಲಿಟ್ಟಳು, ಹೆಸರು ಓದಿದಳು, ಸಾದಿಕೆಮ್. ಕೈ ನಿಂತಿತು. ಇಬ್ಬರಲ್ಲಿ ಒಬ್ಬಳ ಕಾರ್ಡಿನಲ್ಲಿ ಕೆಂಪು ಶಾಯಿಯ ಗೆರೆ ಇದೆ ಅಂತ ಅವಳಿಗೆ ನೆನಪಿತ್ತು. ಪರದೆಯಲ್ಲಿ ಏನೂ ಇರಲಿಲ್ಲ.

“ಅಜ್ಜಿ, ವೆತೊನ್?”

“ಶುಕ್ರವಾರ ಪಾಹಿಂಗ್.”

ತುಮಿರಾ ಬೀರುವಿಗೆ ಓಡಿದಳು. ಶುಕ್ರವಾರ ಪಾಹಿಂಗ್ ಗೂಡು, ಮೇಲಿಂದ ಎರಡನೆಯ ಸಾಲು. ಹಳೆಯ ಡಾಕ್ಟರ ಕೈಬರಹದಲ್ಲಿ, ಕೆಂಪಿನಲ್ಲಿ ಇತ್ತು: ‘ಪೆನಿಸಿಲಿನ್ ಜಾತಿಯ ಯಾವುದೂ ಕೂಡದು. ಕಳೆದ ಸಲ ಸಾಯುವುದರಲ್ಲಿದ್ದಳು.’ ತಿರುಗಿ ನೋಡಿದರೆ ಅಜ್ಜಿ ಪೊಟ್ಟಣ ಬಿಚ್ಚಿ, ಮಾಸ್ಕು ಎತ್ತಿ, ಒಂದು ಮಾತ್ರೆ ಬಾಯಿಗೆ ಹಾಕಿಕೊಂಡು ನೀರಿಗಾಗಿ ಅತ್ತಿತ್ತ ನೋಡುತ್ತಿದ್ದಳು. ಕೊಟ್ಟ ಮದ್ದನ್ನು ಕೊಟ್ಟವರ ಎದುರಿಗೇ ನುಂಗಿ ತೋರಿಸುವುದೂ ಆ ತಲೆಮಾರಿನ ನಡತೆಯೇ.

“ಉಗೀರಿ, ಅಜ್ಜಿ!”

“ದವಾಖಾನೇಲಿ ಉಗಿಯೋದಾ? ಛೆ.”

ತುಮಿರಾ ಬೆರಳು ಹಾಕಿ ಕಿತ್ತಳು. ಸಾದಿಕೆಮ್ ಅಜ್ಜಿಗೆ ಹಲ್ಲಿಲ್ಲದ್ದು ಅವತ್ತು ಇಬ್ಬರಿಗೂ ಅನುಕೂಲವಾಯಿತು. ಮಾತ್ರೆ ಇಡಿಯಾಗಿ ಬಂತು, ಅರ್ಧ ಒದ್ದೆ. ಗದ್ದಲ ಕೇಳಿ ಹೊರಗೆ ಬಂದ ವೆನಿಂಗ್ ಮೊದಲು ಮಾತ್ರೆ ನೋಡಿದರು, ಆಮೇಲೆ ಕಾರ್ಡು ನೋಡಿದರು, ಆಮೇಲೆ ರೋಗಿಗಳ ಬೆಂಚಿನ ಮೇಲೆ ಹೊಗೆಸೊಪ್ಪಿನವರ ನಡುವೆ ಕೂತುಬಿಟ್ಟರು.

“ತಪ್ಪು ನಂದೇ, ಡಾಕ್ಟರ್ ಬು,” ಅಂದಳು ತುಮಿರಾ. “ಪೆನಿಸಿಲಿನ್ ಪಕ್ಕ ವೆತೊನ್ ಕೂರಿಸಿದವಳು ನಾನು.”

“ನೋಡದೆ ಅಳಿಸೋಕೆ ಹೇಳಿದವಳು ನಾನು.”

“ನಂಗೆ ನೀರು ಯಾರು ಕೊಡ್ತೀರಿ?” ಅಂದಳು ಸಾದಿಕೆಮ್ ಅಜ್ಜಿ.

ಗಿಲಾಂಗ್‌ಗೆ ಫೋನು ಹೋಯಿತು. ಡಾಕ್ಟರಮ್ಮನ ದನಿ ಮತ್ತೆ ಇಳಿದಿತ್ತು. ಅವನು ಏನು ಹೇಳಿದನೋ, ಒಟ್ಟಿನಲ್ಲಿ ಅವತ್ತು ‘ಸುಲಭ’ ಅನ್ನಲಿಲ್ಲ. ಸೋಮವಾರ ಬಡಗಿ ಬಂದವನನ್ನು ಚಹಾ ಕೊಟ್ಟು ಕಳಿಸಿದರು. ನಲವತ್ತೊಂದು ಮಂದಿಯ ಮದ್ದಿನ ಹೆಸರುಗಳನ್ನು ತುಮಿರಾ ಕಾರ್ಡು ನೋಡಿ ಮತ್ತೆ ಕುಟ್ಟಿದಳು. ಗಿಲಾಂಗ್ ಬಂದು ಫ್ಯಾಕ್ಸ್ ಖಾನೆ ತೆಗೆದು ಅದೇ ಜಾಗದಲ್ಲಿ ‘ವೆತೊನ್’ ಅಂತ ಹೊಸ ಖಾನೆ ಕೂರಿಸಿದ. ಒತ್ತಿದರೆ ಮೂವತ್ತೈದೂ ಜೋಡಿ ಸಾಲಾಗಿ ಇಳಿಯುತ್ತಿದ್ದವು, ಬೇಕಾದ್ದನ್ನು ಆರಿಸಿಕೊಳ್ಳಬಹುದು.

“ಇದನ್ನ ಕಡ್ಡಾಯ ಮಾಡಲಾ, ಹಾಗೇ ಬಿಡಲಾ?” ಅಂತ ಕೇಳಿದ. “ಕಡ್ಡಾಯ ಅಂದ್ರೆ ಹೊಸ ದಾಖಲೆ ಇದನ್ನ ತುಂಬದೆ ಮುಂದಕ್ಕೆ ಹೋಗಲ್ಲ, ಹಳೇವಕ್ಕೆ ನಿಧಾನಕ್ಕೆ ತುಂಬಿಕೊಳ್ಳಬಹುದು.”

ವೆನಿಂಗ್ ತುಮಿರಾಳ ಕಡೆ ನೋಡಿದರು. ಮೂವತ್ತೊಂದು ವರ್ಷದ ಕೆಲಸಕ್ಕೆ ಅಂಥ ಗೌರವ ಅವಳಿಗೆ ಯಾವತ್ತೂ ಸಿಕ್ಕಿರಲಿಲ್ಲ.

“ಕಡ್ಡಾಯ,” ಅಂದಳು ತುಮಿರಾ. ಒಂದು ಕ್ಷಣವೂ ಯೋಚಿಸಲಿಲ್ಲ.

ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿತ್ತಂತೆ. ಮುಂದಿನ ವಾರವೇ ದವಾಖಾನೆಯಲ್ಲಿ ಕೆಲಸ ಮಾಡುವವರ ದಾಖಲೆಯೂ ಕಂಪ್ಯೂಟರಿನಲ್ಲಿ ಇರಬೇಕು ಅಂತ ಡಾಕ್ಟರಮ್ಮ ಹೇಳಿ, ತಮ್ಮ ಕೈಯಾರೆ ತುಮಿರಾಳ ರಕ್ತದೊತ್ತಡ ನೋಡಿ ಬರೆದರು. ಉಳಿದದ್ದನ್ನು ನೀವೇ ತುಂಬಿ ಅಂದರು. ಹೆಸರು ತುಮಿರಾ. ಹುಟ್ಟಿದ ತಾರೀಖು ಡಿಸೆಂಬರ್ ಮೂವತ್ತೊಂದು. ವಿಳಾಸ, ಫೋನು. ಒಗ್ಗದ ಮದ್ದು, ಯಾವುದೂ ಇಲ್ಲ. ವೆತೊನ್. ಖಾನೆಯ ಪಕ್ಕದಲ್ಲಿ ಕೆಂಪು ಚುಕ್ಕಿ. ಮೂವತ್ತೈದೂ ಸಾಲಾಗಿ ಇಳಿದು ಅವಳನ್ನೇ ನೋಡಿಕೊಂಡು ನಿಂತವು. ‘ಗೊತ್ತಿಲ್ಲ’ ಅನ್ನುವುದು ಆ ಪಟ್ಟಿಯಲ್ಲಿ ಇರಲಿಲ್ಲ. ಪಟ್ಟಿಯನ್ನು ತಿದ್ದಿ ಸರಿ ಇದೆ ಅಂದವಳು ಅವಳೇ. ಬುಧವಾರ ವಾಗೆಯ ಮೇಲೆ ಬೆರಳು ತಂದಳು, ತೆಗೆದಳು. ಸುಳ್ಳು ಬರೆದು ಅದೇ ಖಾನೆಯನ್ನು ಹಾಳುಮಾಡಲು ಅವಳಿಗೆ ಕೈ ಬರಲಿಲ್ಲ.

ದವಾಖಾನೆಯ ಪರದೆಯ ಮೂಲೆಯಲ್ಲಿ ‘ಅಪೂರ್ಣ: 1’ ಅಂತ ಕಾಣಿಸಿಕೊಂಡಿತು. ಮರುದಿನವೂ ಇತ್ತು. ಒಂಬತ್ತು ದಿನ ಇತ್ತು.

“ಯಾರದ್ದು ಬು, ಆ ಒಂದು?” ಅಂತ ಡಾಕ್ಟರಮ್ಮ ಕೇಳಿದರೆ, “ನೋಡ್ತೀನಿ, ಡಾಕ್ಟರ್ ಬು,” ಅನ್ನುತ್ತಿದ್ದಳು. ನೋಡುತ್ತಲೂ ಇದ್ದಳು. ರೋಗಿಗಳಿಲ್ಲದ ಹೊತ್ತಿನಲ್ಲಿ ಅದೊಂದೇ ಕೆಲಸ. ಅನ್ನ ಸೇರುತ್ತಿರಲಿಲ್ಲ. ಐವತ್ತೆಂಟನೆಯ ವಯಸ್ಸಿನಲ್ಲಿ, ಚಿಕ್ಕಮ್ಮ ಸತ್ತು ಹದಿನೆಂಟು ವರ್ಷವಾದ ಮೇಲೆ, ಯಾರನ್ನು ಹೋಗಿ ಕೇಳುವುದು? ಒಂದು ಸಲವಾದರೂ ಯಾವುದಾದರೂ ಗೂಡಿಗೆ ಸೇರಬೇಕು ಅನ್ನುವ ಆಸೆ ಅವಳಿಗೆ ಎಷ್ಟಿತ್ತು ಅನ್ನುವುದು ಅವಳಿಗೇ ಆ ಒಂಬತ್ತು ದಿನದಲ್ಲಿ ತಿಳಿದದ್ದು.

ಹತ್ತನೆಯ ದಿನ ಸಾದಿಕೆಮ್ ಅಜ್ಜಿ, ಶುಕ್ರವಾರ ಪಾಹಿಂಗ್‌ನವಳು, ಬಾಳೆಲೆಯಲ್ಲಿ ಸುತ್ತಿದ, ಹುದುಗಿಸಿದ ಸೋಯಾಕಾಳಿನ ಹುರಿದ ತೆಂಪೆ ಹಿಡಿದುಕೊಂಡು ಬಂದಳು. ಗಂಟಲು ಸರಿಹೋಗಿತ್ತು. ಒಳಗೆ ಹೋಗುವುದಿಲ್ಲ, ನಿನ್ನ ಹತ್ತಿರವೇ ಕೆಲಸ ಅಂದಳು.

“ತುಮ್, ಒಂದು ಮಾತಿದೆ. ನಗಬೇಡ, ಯಾರಿಗೂ ಹೇಳಬೇಡ.”

“ಹೇಳಿ, ಅಜ್ಜಿ.”

“ಆ ಶುಕ್ರವಾರ ಪಾಹಿಂಗ್ ನಂದಲ್ಲ.”

ತುಮಿರಾ ತೆಂಪೆಯನ್ನು ಕೆಳಗಿಟ್ಟಳು.

“ನಂಗಿಂತ ಮುಂಚೆ ಒಂದು ಹೆಣ್ಣು ಹುಟ್ಟಿತ್ತು. ಏಳು ದಿನ ಇತ್ತು, ಹೋಯ್ತು. ಶುಕ್ರವಾರ ಪಾಹಿಂಗ್ ಅದರದ್ದು. ನಾ ಹುಟ್ಟೋ ಹೊತ್ತಿಗೆ ಡಚ್ಚರು ಬಂದ್ರು ಅಂತ ಎಲ್ಲಾರೂ ಬೆಟ್ಟಕ್ಕೆ ಓಡಿದ್ರಂತೆ. ಯಾವ ದಿನ, ಯಾವ ಸಂತೆ, ಅಮ್ಮಂಗೆ ಲೆಕ್ಕವೇ ಸಿಗ್ಲಿಲ್ಲ. ಅಕ್ಕನದ್ದೇ ನಂಗೆ ಕೊಟ್ಟುಬಿಟ್ಳು. ಏಳೇ ದಿನ ಬಳಸಿದ್ದು, ಸುಮ್ನೆ ದಂಡ ಆಗಬಾರದು ಅಂತ.” ಅಜ್ಜಿ ವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡಳು. “ಅದರಿಂದ ಜೀವ ಉಳೀತು ಅಂತ ಊರೆಲ್ಲ ಹೇಳ್ತಿದಾರೆ. ನಂಗೆ ಕದ್ದು ತಿಂದ ಹಾಗಾಗಿದೆ. ಅಳಿಸಿಬಿಡು, ತುಮ್.”

“ಅಜ್ಜಿ, ಎಷ್ಟು ವರ್ಷದಿಂದ ಹಾಗೆ ಹೇಳ್ತಿದೀರಿ?”

“ಮಾತು ಬಂದಾಗಿಂದ.”

“ಒಂದು ಸಲನಾದ್ರೂ ಬೇರೆ ದಿನ ಹೇಳಿದೀರಾ?”

“ಇಲ್ಲಪ್ಪ. ಯಾಕೆ ಹೇಳ್ಲಿ?”

“ಹಾಗಾದ್ರೆ ಅದು ನಿಮ್ದೇ,” ಅಂದಳು ತುಮಿರಾ. ಮಾತ್ರೆ ಕಿತ್ತ ದಿನ ಒಂದು ಬಿಟ್ಟರೆ ದವಾಖಾನೆಯಲ್ಲಿ ಅವಳು ದನಿ ಏರಿಸಿದ್ದು ಅದೇ ಮೊದಲು. “ನಿಮ್ಮ ಪೆನಿಸಿಲಿನ್ ಅಲ್ಲೇ ಬರೆದಿದೆ. ನಿಮ್ಮ ಹೆರಿಗೆ ಐದೂ ಅಲ್ಲೇ ಬರೆದಿದೆ. ನಾ ಕೂಗಿದಾಗ ನೀವು ಓ ಅಂದಿದ್ದು ಅಲ್ಲಿಂದ. ಈಗ ಅಳಿಸಿದ್ರೆ ನಾಳೆ ನಿಮ್ಮನ್ನ ಎಲ್ಲಿ ಅಂತ ಹುಡುಕಲಿ?”

ಅಜ್ಜಿ ತೆಂಪೆಯ ಬಾಳೆಲೆಯನ್ನು ತುಮಿರಾಳ ಕಡೆಗೆ ಸರಿಸಿದಳು.

“ನಂದೇ ಅಂತೀಯಾ?”

“ಇನ್ಯಾರದ್ದು?”

“ಸರಿ ಹಾಗಾದ್ರೆ,” ಅಂತ ಅಜ್ಜಿ ಎದ್ದಳು. ಬಾಗಿಲಿನ ತನಕ ಹೋದವಳು ತಿರುಗಿ, “ನಿಂದ್ಯಾವುದು, ತುಮ್?” ಅಂದಳು.

“ಬುಧವಾರ ವಾಗೆ.”

“ಹ್ಞಾ. ಅದಕ್ಕೇ ಇಷ್ಟು ಹಠ.”

ಅಜ್ಜಿ ಹೋದ ಮೇಲೆ ತುಮಿರಾ ಕುರ್ಚಿಯಲ್ಲಿ ಕೂತಳು. ತಾನು ಅಜ್ಜಿಗೆ ಹೇಳಿದ್ದು ತನಗೂ ಈಗಷ್ಟೇ ಕೇಳಿಸಿದ ಹಾಗಿತ್ತು. ಇಪ್ಪತ್ತೆರಡರಿಂದ ಐವತ್ತೆಂಟು, ಮೂವತ್ತಾರು ವರ್ಷ. ಒಂದು ಸಲವೂ ಬೇರೆ ದಿನ ಹೇಳಿರಲಿಲ್ಲ. ಅವಳು ಅಪೂರ್ಣವಾದ ಆ ಒಂದನ್ನು ತೆರೆದು, ಸಾಲಿನಲ್ಲಿ ಬುಧವಾರ ವಾಗೆ ಆರಿಸಿ, ಒತ್ತಿದಳು. ಕಂಪ್ಯೂಟರ್ ಯಾವ ಸಾಕ್ಷಿಯನ್ನೂ ಕೇಳಲಿಲ್ಲ. ಉಳಿಸಲಾಗಿದೆ ಅಂದಿತು.

ಆಮೇಲೆ ಸ್ಟೂಲು ಹತ್ತಿ ಬಿಸ್ಕತ್ತಿನ ಡಬ್ಬ ಎತ್ತಿ, ಅಂಚು ಹಳದಿಯಾದ ತನ್ನ ಕಾರ್ಡು ತೆಗೆದು, ಬುಧವಾರ ವಾಗೆ ಗೂಡಿನವರನ್ನು ಒಂಚೂರು ಆಚೆ ಸರಿಸಿ ಒಳಗಿಟ್ಟಳು.

“ಅಪೂರ್ಣ ಸೊನ್ನೆ ಆಗಿದೆ,” ಅಂದರು ಡಾಕ್ಟರಮ್ಮ, ಸಂಜೆ. “ಯಾರದ್ದಿತ್ತು, ಬು?”

“ನಮ್ಮವರೇ ಒಬ್ಬರದ್ದು, ಡಾಕ್ಟರ್ ಬು. ವೆತೊನ್ ಮರೆತಿದ್ರು.”

“ನೆನಪಾಯ್ತಂತಾ?”

“ಆಯ್ತಂತೆ.”

ಹದಿನಾರು ದಿನ ಬಿಟ್ಟು ಬುಧವಾರ ವಾಗೆ ಬಂತು. ಅವತ್ತು ತುಮಿರಾ ಎರಡು ಪಾತ್ರೆ ಹಿಡಿದುಕೊಂಡು ದವಾಖಾನೆಗೆ ಬಂದಳು, ಒಂದರಲ್ಲಿ ಕೆಂಪು ಗಂಜಿ, ಒಂದರಲ್ಲಿ ಬಿಳಿಯದು. ಕಾಯುತ್ತಿದ್ದವರಿಗೆಲ್ಲ ಬಟ್ಟಲಲ್ಲಿ ಹಾಕಿಕೊಟ್ಟಳು. ಯಾರ ಲೆಕ್ಕದ್ದು ಇದು ಅಂತ ಕೇಳಿದವರಿಗೆ, ನನ್ನದು ಅಂದಳು.